ಹಿಂದುಮುಂದಾದ ಬೆಣೆ

ಫೋರ್‌ವೀಲ್ ಜೀಪಿನಡಿ ಮಲಗಿದ್ದ ಮೆಕ್ಯಾನಿಕ್‌ನ ಕಣ್ಣಿಗೆ ತನ್ನದೇ ತಪ್ಪು ಬಿತ್ತು. ಗಿರಾಕಿ ಕೇಳಿದಂತೆ ಗಾಡಿಯನ್ನು ನೆಲದಿಂದ ಎತ್ತರಿಸಿದಾಗ ಹಿಂದಿನ ಆಕ್ಸಲ್ಲಿನ ಓರೆ ಸರಿಪಡಿಸಲು ತಾನೇ ಕೂರಿಸಿದ್ದ ಕಬ್ಬಿಣದ ಬೆಣೆ ಹಿಂದುಮುಂದಾಗಿತ್ತು. ವೇಗ ಹೆಚ್ಚಿದೊಡನೆ ಗಾಡಿ ಗಡಗಡ ನಡುಗುತ್ತಿದ್ದುದು ಅದಕ್ಕೇ. ಹೋದ ವಾರ ಗಿರಾಕಿ ರೇಗಿದಾಗ ಅವನು, "ಆಕ್ಸಲ್ಲಿಗೆ ಶಾಫ್ಟ್ ಜೋಡಿಸಿದ್ದು ನಮ್ಮ ಮಾವ ಸಾರ್. ವಯಸ್ಸಾಯ್ತು, ಕೈ ನಿಲ್ಲಲ್ಲ" ಎಂದುಬಿಟ್ಟಿದ್ದ. ಕೆಲಸ ಕಲಿಸಿ, ಮಗಳನ್ನೂ ಕೊಟ್ಟ ಆ ಮಾವ ಪಕ್ಕದಲ್ಲೇ ನಿಂತಿದ್ದರು. ಮರುದಿನದಿಂದ ಗ್ಯಾರೇಜಿನತ್ತ ಸುಳಿದಿರಲಿಲ್ಲ.

ಬೆಣೆ ತಿರುಗಿಸಿ ಕೂರಿಸಿದ ಮೇಲೆ ಅವನು ಗಾಡಿಯನ್ನು ನೇರ ಮಾವನ ಬಾಗಿಲಿಗೇ ಓಡಿಸಿಕೊಂಡು ಬಂದ.

"ನಡುಕ ನಿಂತಿತಾ?" ಮಾವ ಕೇಳಿದರು.

"ನಿಂತಿತು ಮಾವ. ಬೆಣೆ ಉಲ್ಟಾ ಹಾಕಿದ್ದು ನಾನೇ."

"ಅವತ್ತೇ ನೋಡಿದ್ದೆ ಕಣಪ್ಪ. ಗಿರಾಕಿ ಎದುರು ನಿನ್ನ ಮರ್ಯಾದೆ ತೆಗೀಲಾ?"

ಅಳಿಯ ಅಲ್ಲೇ ನಿಂತು, ಮಾವನ ಎದುರಿಗೇ ಗಿರಾಕಿಗೆ ಫೋನ್ ಮಾಡಿದ: "ಸಾರ್, ತಪ್ಪು ಮಾವಂದಲ್ಲ, ನಂದು."