ಸೂಜಿಯ ಕೆಳಗಿನ ಕೊಳೆ

ಬಂದವನ ಉಗುರುಗಳ ಸಂದಿಯಲ್ಲಿ ಕಪ್ಪು ಗ್ರೀಸು ತುಂಬಿಕೊಂಡಿತ್ತು. ಅಂಗಿ ಬೆನ್ನಿಗೆ ಅಂಟಿತ್ತು, ಕಂಕುಳಲ್ಲಿ ಬೆವರಿನ ಬಿಳಿ ಗೆರೆಗಳು. ಬಾಗಿಲು ತೆರೆದ ತಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ನಿಮ್ಮ ತಮ್ಮ ಹೇಳಿದ್ರು. ಒಂದ್ಸಲ ನೋಡ್ಕೊಂಡು ಹೋಗೋಣ ಅಂತ…”

“ನೋಡೋದಕ್ಕೇ ತಾನೇ ಕಳಿಸು ಅಂದಿದ್ದು! ಬೆಳಗ್ಗೆಯಿಂದ ಕಾಯ್ತಾ ಇದೀನಿ. ಚಪ್ಪಲಿ ಆ ಕಡೆ ಬಿಡು. ಗೋಡೆ ಮುಟ್ಟಬೇಡ.”

“ದಾರೀಲಿ ಬೈಕಿನ ಚೈನ್ ಕಳಚ್ಕೊಳ್ತು, ಕೈಯೆಲ್ಲ ಹೀಗೆ…”

“ಸಾಕು ಸಾಕು, ನಿಮ್ಮಂಥವರ ಕೈ ಯಾವತ್ತು ಶುದ್ಧವಾಗಿತ್ತು? ಮಿಷಿನ್ ಅಲ್ಲಿದೆ, ಕೂತ್ಕೊ.”

ಅವನು ಒಂದು ಗಳಿಗೆ ಪಿಳಿಪಿಳಿ ಕಣ್ಣು ಬಿಟ್ಟ. ಆಮೇಲೆ ತುಟಿಯಂಚಿನಲ್ಲೇ ನಕ್ಕು ಒಳಗೆ ಬಂದ. ಆ ನಗುವೂ ಆಕೆಗೆ ಹಿಡಿಸಲಿಲ್ಲ.

ಸಂಜೆ ಮಗಳನ್ನು ನೋಡಲು ಹುಡುಗನ ಅಪ್ಪ ಅಮ್ಮ ಮೊದಲ ಸಲ ಮನೆಗೆ ಬರುವವರಿದ್ದರು. ಮುಂದಿನ ಕೋಣೆಯ ಹೊಸ ಪರದೆ ಅರ್ಧ ಹೊಲಿದು ನಿಂತಿತ್ತು. ಸಂಬಂಧ ತಂದವನು ಆಕೆಯ ತಮ್ಮ. ಮಿಷಿನ್ ಕೆಟ್ಟಿತೆಂದು ಗೋಳಾಡಿದಾಗ ರಿಪೇರಿಯವನನ್ನು ಕಳಿಸುತ್ತೇನೆ ಎಂದವನೂ ಅವನೇ. ಹಿಂದಿನ ಎರಡು ಸಂಬಂಧಗಳು ಮುರಿದುಬಿದ್ದದ್ದು ಆಕೆಯ ಮೂಗಿನ ದೆಸೆಯಿಂದ. ಒಬ್ಬರು ಎದ್ದ ಕೂಡಲೇ ಅವರ ಕಣ್ಣೆದುರಿಗೇ ಕುರ್ಚಿ ಒರೆಸಿದ್ದಳು. ಇನ್ನೊಬ್ಬರು ಕುಡಿದಿಟ್ಟ ಲೋಟವನ್ನು ಸತ್ತ ಇಲಿಯ ಬಾಲ ಹಿಡಿದ ಹಾಗೆ ಎರಡು ಬೆರಳಲ್ಲಿ ಎತ್ತಿದ್ದಳು. ಈ ಸಲದ ಹುಡುಗನನ್ನು ಮಗಳು ತಾನೇ ಮೆಚ್ಚಿದ್ದಳು. “ಅಮ್ಮಾ, ಇವತ್ತೊಂದು ದಿನ ಮೂಗು ಮುರೀಬೇಡ. ಇದೂ ತಪ್ಪಿಹೋದ್ರೆ ನಾನಿನ್ನು ಯಾರನ್ನೂ ಒಪ್ಪಲ್ಲ” ಎಂದು ಬೆಳಗ್ಗೆ ಕೈ ಹಿಡಿದು ಬೇಡಿಕೊಂಡಿದ್ದಳು. ತಾಯಿ ಮಾತು ಕೊಟ್ಟಿದ್ದಳು.

“ಏನಾಗಿದೆ ಇದಕ್ಕೆ?” ಎಂದ ಬಂದವನು, ಮಿಷಿನ್ ಮುಂದೆ ಕೂತು.

“ಮೇಲೆ ನೋಡಿದ್ರೆ ಹೊಲಿಗೆ ಸರಿ ಇದೆ. ಕೆಳಗಡೆ ಬರೀ ಸಿಕ್ಕು. ನಾಲ್ಕು ಹೊಲಿಗೆ ಬೀಳೋದ್ರೊಳಗೆ ಕಚ್ಕೊಂಡು ನಿಲ್ಲುತ್ತೆ.”

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಕೆ ಮುಖ ತಿರುಗಿಸಿದಳು. ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ, ಕಿವಿ ಹತ್ತಿರ ತಂದು ಕೇಳಿ, ಅವನು ಸ್ಕ್ರೂಡ್ರೈವರ್ ಬೇಕೆಂದ.

“ಅದೂ ನಮ್ಮನೇದೇ ಬೇಕಾ? ಚೆನ್ನಾಗಿದೆ ಕಸುಬು!”

ಮೇಲಿನ ದಾರವನ್ನು ಬಿಗಿಹಿಡಿಯುವ ಟೆನ್ಶನ್ ತಟ್ಟೆಗಳ ನಡುವೆ ಸಿಕ್ಕಿಕೊಂಡಿದ್ದ ದಾರದ ಚೂರನ್ನು ಅವನು ಮೊದಲು ಎಳೆದು ತೆಗೆದ. ಆಮೇಲೆ ಸೂಜಿಯ ಕೆಳಗಿನ ತಗಡು ಬಿಚ್ಚಿದ. ಕೆಟ್ಟ ನಾತ ಗಪ್ಪನೆ ಮೂಗಿಗೆ ಬಡಿಯಿತು. ಬಟ್ಟೆಯ ನೂಲಿನ ಹೊಟ್ಟು, ಅಡುಗೆ ಎಣ್ಣೆಯ ಜಿಡ್ಡು, ಕೂದಲು, ಸತ್ತ ಜಿರಲೆಯ ಒಂದು ಕಾಲು, ಎಲ್ಲ ಸೇರಿ ಕರೀ ಉಂಡೆಯಾಗಿ ಬಟ್ಟೆ ಎಳೆಯುವ ಹಲ್ಲುಗಳ ನಡುವೆ ಮೆತ್ತಿಕೊಂಡಿದ್ದವು. ನೆಲ ದಿನಕ್ಕೆ ಎರಡು ಸಲ ಒರೆಸುವ ಮನೆ! ಆಕೆ ಎರಡು ಹೆಜ್ಜೆ ಹಿಂದೆ ಸರಿದಳು. ಅದನ್ನು ಅವನು ಬರಿಗೈಯಲ್ಲಿ ಕೆದಕಿ ತೆಗೆದು ಕಾಗದದ ಮೇಲಿಟ್ಟದ್ದು ನೋಡಿ ಇನ್ನೂ ಎರಡು ಹೆಜ್ಜೆ ಸರಿದಳು.

“ಹೊರಗಡೆ ಫಳಫಳ ಅನ್ಸಿದ್ರೆ ಸಾಲದಮ್ಮ, ಆಗಾಗ ಒಳಗೂ ನೋಡ್ಬೇಕು” ಎಂದ ಅವನು. “ನಮ್ಮನೇಲೂ ಇಂಥದ್ದೇ ಇದೆ, ನನ್ನ ಹೆಂಡತೀದು. ಮೇಲಿನ ದಾರಕ್ಕೂ ಕೆಳಗಿನ ದಾರಕ್ಕೂ ಹೊಂದಿಕೆ ಬಂದ್ರೆ ಮುಗೀತು.”

ಇವನ ಮನೆಯ ವಿಷಯ ಯಾರಿಗೆ ಬೇಕಾಗಿತ್ತು?

ಮಗಳು ಒಳಗಿನಿಂದ ಗಾಜಿನ ಲೋಟದಲ್ಲಿ ನೀರು ತಂದಳು. ತಾಯಿ ಕಣ್ಣು ಕೆಕ್ಕರಿಸಿದಳು. ಮಗಳು ನಾಚಿಕೊಂಡು ಹಿಂದಿರುಗಿ, ಬಚ್ಚಲ ಪಕ್ಕದ ಹಳೇ ಪ್ಲಾಸ್ಟಿಕ್ ಲೋಟದಲ್ಲಿ ನೀರು ತಂದಳು. ಅವನು ಎರಡನ್ನೂ ನೋಡಿದ. ಗಟಗಟ ಕುಡಿದ.

“ಕೆಲಸ ಹೇಗಿದೆಯಮ್ಮ? ಆಸ್ಪತ್ರೇಲಿ ರಜೆ ಕೊಟ್ರಾ ಇವತ್ತು?”

ತಾಯಿಯ ಮೈ ಉರಿಯಿತು. ಮಗಳು ಎಲ್ಲಿ ಕೆಲಸ ಮಾಡುತ್ತಾಳೆಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುವ ಬಾಯಿಬಡುಕ ತಮ್ಮ! ಈ ಮುದುಕನೋ ಅವಳನ್ನೇ ನೋಡುತ್ತಿದ್ದ. ಗೋಡೆಯ ಫೋಟೋಗಳನ್ನು, ಒಳಕೋಣೆಯ ಬಾಗಿಲನ್ನು, ಮತ್ತೆ ಅವಳನ್ನು. ಅವಳ ತಲೆ ಸವರಲು ಕೈ ಎತ್ತಿದವನು, ಕೊಳೆ ಕೈ ಎಂದು ನೆನಪಾಗಿ ಇಳಿಸಿಕೊಂಡ.

“ಏಯ್!” ತಾಯಿ ನಡುವೆ ಬಂದಳು. “ಮಿಷಿನ್ ನೋಡೋಕೆ ಬಂದಿದೀಯೋ, ಹುಡುಗಿ ನೋಡೋಕೆ ಬಂದಿದೀಯೋ?”

ಅವನು ತಗಡನ್ನು ಕೂರಿಸಿ, ಕೊನೆಯ ತಿರುಪು ಬಿಗಿದು, ಪರದೆಯ ಅಂಚಿನಲ್ಲಿ ಒಂದು ಗೇಣು ಹೊಲಿದ. ಹೊಲಿಗೆ ಮೇಲೂ ಕೆಳಗೂ ಒಂದೇ ಸಮನೆ ಬಿತ್ತು.

“ಎರಡೂ ಆಯ್ತಮ್ಮ” ಎಂದ.

“ಥೂ, ನಾಚಿಕೆಗೆಟ್ಟವನೇ! ವಯಸ್ಸಿಗಾದರೂ ಮರ್ಯಾದೆ ಬೇಡ್ವಾ? ಎದ್ದೇಳು, ಆಚೆ ನಡಿ. ನಿನ್ನ ಕೂಲಿ ನನ್ನ ತಮ್ಮನ ಹತ್ರ ಕೇಳ್ಕೊ.”

“ಅವರ ಹತ್ರಾನೇ ಮಾತಾಡ್ತೀನಿ” ಎಂದು ಅವನು ಚಪ್ಪಲಿ ಮೆಟ್ಟಿಕೊಂಡು, ತಿರುಗಿ ನೋಡದೆ ಹೊರಟ.

ಆಕೆ ಅವನು ಕೂತಿದ್ದ ಸ್ಟೂಲನ್ನು ಸೋಪು ಹಾಕಿ ತಿಕ್ಕಿದಳು. ಪ್ಲಾಸ್ಟಿಕ್ ಲೋಟವನ್ನು ಕಸಕ್ಕೆ ಎಸೆದಳು. ಬಾಗಿಲ ಹಿಡಿಯನ್ನು ಎರಡು ಸಲ ಒರೆಸಿದಳು. ಆಮೇಲೆ ಪರದೆ ಹೊಲಿಯಲು ಕೂತಳು. ಮಿಷಿನ್ ಚಕಚಕನೆ ಓಡಿತು.

“ಪಾಪ ಅಮ್ಮ, ವಯಸ್ಸಾದವರು” ಎಂದಳು ಮಗಳು. ಅವಳ ಮುಖ ಬಾಡಿತ್ತು. “ಸಂಜೆ ಅವರ ಮುಂದೆ ಮಾತ್ರ ಹೀಗೆಲ್ಲ ಆಡ್ಬೇಡ.”

“ನನಗೇನು ಹುಚ್ಚಾ? ಅವರು ಮರ್ಯಾದಸ್ಥರು ಕಣೇ.”

ಪರದೆ ಕಿಟಕಿಗೇರಿತು. ಒಳ್ಳೆಯ ಲೋಟಗಳು ಸಾಲಾಗಿ ನಿಂತವು. ಮಗಳು ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಕೂತಳು. ಸಂಜೆಯಾಯಿತು, ಬೀದಿ ದೀಪಗಳು ಹತ್ತಿದವು. ಯಾರೂ ಬರಲಿಲ್ಲ. ತಮ್ಮನಿಗೆ ಫೋನು ಮಾಡಿದರೆ ಅವನು ಎತ್ತಲಿಲ್ಲ. ಮಗಳು ಕಿಟಕಿ ಬಿಟ್ಟು ಕದಲಲಿಲ್ಲ.

ಕೊನೆಗೂ ಬಾಗಿಲು ಬಡಿದ ಸದ್ದು. ತಾಯಿ ಕೂದಲು ಸರಿಮಾಡಿಕೊಂಡು, ಮುಖದ ತುಂಬ ನಗು ತಂದುಕೊಂಡು ಬಾಗಿಲು ತೆರೆದಳು. ಹೊರಗೆ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಆಳು ನಿಂತಿದ್ದ.

“ತಡ ಆಯ್ತು, ಬೇಜಾರು ಮಾಡ್ಕೋಬೇಡಿ ಅಕ್ಕಾ. ನಿಮ್ಮ ತಮ್ಮ ಕಳಿಸಿದ್ರು, ಕೆಟ್ಟಿರೋ ಹೊಲಿಗೆ ಮಿಷಿನ್ ಎಲ್ಲಿದೆ?”