ಕೊನೆಯ ನಾಲ್ಕು ಸೆಕೆಂಡು

ರೆಕಾರ್ಡಿಂಗ್ ಎಂಜಿನಿಯರು ಕುರ್ಚಿಯನ್ನು ಕೋಣೆಯ ನಟ್ಟನಡುವಿಗೆ ಎಳೆದು, ಕಣ್ಣು ಮುಚ್ಚಿ ಕೇಳಬೇಕೆಂದರು. ಸುತ್ತ ಐದು ಸ್ಪೀಕರುಗಳು ನಿಂತಿದ್ದವು, ಮುಂದೆ ಮೂರು, ಬೆನ್ನ ಹಿಂದೆ ಎರಡು. ಕೊಳಲು ಟೀಚರ್ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಇಪ್ಪತ್ತೆಂಟು ವರ್ಷಗಳ ಹಿಂದೆ, ಹತ್ತೊಂಬತ್ತರ ಹುಡುಗಿಯಾಗಿದ್ದಾಗ, ಅಕ್ಕನ ಜೊತೆ ಅವಳು ನುಡಿಸಿದ್ದ ಜೋಡಿ ಕೊಳಲಿನ ಸಿ.ಡಿ. ಈಗ ಹೊಸ ಬಗೆಯ ಡಿಸ್ಕಿನಲ್ಲಿ ಹೊರಬರುವುದಿತ್ತು. ಅಂದು ಅದನ್ನು ರೆಕಾರ್ಡ್ ಮಾಡಿದವರೂ ಇವರೇ. ಸ್ಟುಡಿಯೋದಲ್ಲಿ ಎಲ್ಲರೂ ಇವರನ್ನು ಕಿವಿಯಪ್ಪ ಎಂದೇ ಕರೆಯುತ್ತಿದ್ದರು.

ಹೊಸ ಡಿಸ್ಕಿನಲ್ಲಿ ಅಂಥದ್ದೇನಿದೆ ಎಂದು ಅವಳು ಕೇಳಿದಳು. ಕಿವಿಯಪ್ಪ ವಿವರಿಸಿದರು. ಸಿ.ಡಿ. ಒಂದು ಸೆಕೆಂಡಿನಲ್ಲಿ ನಲವತ್ತನಾಲ್ಕು ಸಾವಿರ ಸಲ ಧ್ವನಿಯನ್ನು ಅಳೆದು ಬರೆದಿಟ್ಟುಕೊಳ್ಳುತ್ತದೆ. ಇದು ಅದರ ಎರಡು ಪಟ್ಟಿಗೂ ಹೆಚ್ಚು ಸಲ ಅಳೆಯುತ್ತದೆ, ಪಿಸುಮಾತಿನಿಂದ ಅರಚಾಟದವರೆಗಿನ ಮೆಟ್ಟಿಲುಗಳೂ ಇದರಲ್ಲಿ ತೀರ ಸಣ್ಣವು. ಅದೆಲ್ಲ ಮನುಷ್ಯರ ಕಿವಿಗೆ ಎಷ್ಟು ತಿಳಿಯುತ್ತದೋ ತಮಗೆ ಈಗಲೂ ಗೊತ್ತಿಲ್ಲ ಎಂದು ನಕ್ಕರು. ಆದರೆ ಒಂದು ವ್ಯತ್ಯಾಸ ಮಾತ್ರ ಯಾರಿಗಾದರೂ ತಿಳಿಯುತ್ತದೆ.

"ಸಿ.ಡಿ.ಯಲ್ಲಿ ಇರೋದು ಎಡ, ಬಲ ಅಂತ ಎರಡೇ ದಾರಿ. ಆಗ ನಿಮ್ಮಿಬ್ಬರನ್ನೂ ಒಂದೇ ಬಸ್ ಸೀಟಲ್ಲಿ ಒತ್ತಿ ಕೂರಿಸಿದ ಹಾಗೆ ನಡುವಿಗೆ ತಂದು, ಮೇಲೊಂದಿಷ್ಟು ಪ್ರತಿಧ್ವನಿ ಸುರಿದಿದ್ದೆ. ಇದರಲ್ಲಿ ಜಾಗ ಜಾಸ್ತಿ ಇದೆ. ಮೂಲ ಟೇಪಲ್ಲಿ ಇಬ್ಬರ ಮೈಕೂ ಬೇರೆ ಬೇರೆ ಇತ್ತು, ಅದರಿಂದ ಒಬ್ಬೊಬ್ಬರನ್ನೇ ತೆಗೆದು ಬೇರೆ ಬೇರೆ ಕೂರಿಸಿದ್ದೀನಿ."

ಸಂಗೀತ ಶುರುವಾಯಿತು. ಎಡಗಡೆ ಅಕ್ಕ, ಬಲಗಡೆ ಅವಳು. ರಂಧ್ರಗಳಿಂದ ಬೆರಳು ಏಳುವ ಸದ್ದೂ ಕೇಳುತ್ತಿತ್ತು. ಒಂದೆಡೆ ಅಕ್ಕನ ಉಂಗುರ ಕೊಳಲಿಗೆ ಟಕ್ಕೆಂದು ತಾಗಿತು, ಅವಳಿಗೆ ನಗು ಬಂತು. ಬಿಚ್ಚಿಡು ಎಂದು ಎಷ್ಟು ಹೇಳಿದರೂ ಅಕ್ಕ ಅದನ್ನು ಬಿಚ್ಚಿದವಳಲ್ಲ. ಬರಬರುತ್ತಾ ಕೊನೆಯ ಉದ್ದನೆಯ ಸ್ವರಮಾಲೆ ಬಂತು. ತಂಗಿಗೆ ಹೆಸರು ತಂದದ್ದೇ ಅದು. ಇಷ್ಟು ದೀರ್ಘವಾದದ್ದನ್ನು ಈ ಹುಡುಗಿ ಒಂದೇ ಉಸಿರಿನಲ್ಲಿ ನುಡಿಸಿದ್ದಾಳೆ ಎಂದು ಪತ್ರಿಕೆಗಳು ಬರೆದಿದ್ದವು. ಕಛೇರಿಗಳಿಗೆ ಅವಳೊಬ್ಬಳಿಗೇ ಕರೆ ಬರತೊಡಗಿತ್ತು. ಮರುವರ್ಷ ಅಕ್ಕ ಕೊಳಲನ್ನು ಪೆಟ್ಟಿಗೆಗೆ ಹಾಕಿ, ಈಜು ಕಲಿಸುವ ಕೆಲಸಕ್ಕೆ ಸೇರಿದಳು. ಅಕ್ಕನಿಗೆ ಹೊಟ್ಟೆಕಿಚ್ಚು ಎಂದು ನೆಂಟರು ಆಡಿಕೊಂಡರು. ತಂಗಿ ಬಾಯಿಬಿಟ್ಟು ಹಾಗೆ ಹೇಳಿರಲಿಲ್ಲ. ಆದರೆ ಮನಸ್ಸಿನ ಮೂಲೆಯಲ್ಲಿ ಎಲ್ಲೋ ನಂಬಿದ್ದಳು.

ಈಗ ಬಲಗಡೆಯ ಕೊಳಲು ಮೇಲೇರಿತು, ಸುತ್ತಿತು, ಇನ್ನೇನು ದಡ ಸೇರಬೇಕು ಅನ್ನುವಾಗ ನಡುಗಿ, ಸಣ್ಣಗಾಗಿ, ನಿಂತೇಹೋಯಿತು. ಆ ಕಡೆಯಿಂದ ಏದುಸಿರು ಕೇಳಿತು. ಅಷ್ಟು ಹೊತ್ತು ಕೆಳಗಿನ ಸ್ವರವನ್ನು ಹಿಡಿದು ನಿಂತಿದ್ದ ಎಡಗಡೆಯ ಕೊಳಲು ಚಕ್ಕನೆ ಅದನ್ನು ಬಿಟ್ಟು, ತಂಗಿಯ ಸ್ವರಕ್ಕೇ ಏರಿ, ಅವಳು ಕೈಬಿಟ್ಟಲ್ಲಿಂದ ಎತ್ತಿಕೊಂಡು ಕೊನೆ ಮುಟ್ಟಿಸಿತು.

ಅವಳು ಕಣ್ಣು ತೆರೆಯಲಿಲ್ಲ. ಅಂದು ತಲೆ ಸುತ್ತಿ ಬಂದದ್ದು ನೆನಪಿತ್ತು, ಕಿವಿಯಲ್ಲಿ ಸ್ವರ ಕೊನೆ ಮುಟ್ಟಿದ್ದೂ ನೆನಪಿತ್ತು. ಅದು ತನ್ನದಲ್ಲ ಎಂದು ಯಾವತ್ತೂ ಅನ್ನಿಸಿರಲಿಲ್ಲ. ಕಿವಿಯಪ್ಪ ಮೆಲ್ಲಗೆ, ತಮಗೂ ಇದು ಗೊತ್ತಾದದ್ದು ಹೋದ ವಾರ ಟೇಪು ತೆಗೆದಾಗಲೇ, ನಾಲ್ಕು ಸೆಕೆಂಡಿನ ಮಾತು, ಬೇಕಿದ್ದರೆ ಹಳೆಯ ಸಿ.ಡಿ.ಯಂತೆ ಇಬ್ಬರನ್ನೂ ಬೆರೆಸಿಬಿಡಬಹುದು, ಯಾರಿಗೂ ತಿಳಿಯುವುದಿಲ್ಲ ಎಂದರು. ಅವಳ ಬಳಿ ಕಲಿಯುವ ಅರವತ್ತು ಮಕ್ಕಳೂ ಆ ಒಂದು ಉಸಿರಿನ ಕಥೆ ಕೇಳಿಕೊಂಡೇ ಬೆಳೆಯುತ್ತಿದ್ದವರು. ಅವಳು ಕಣ್ಣು ತೆರೆದು ಎಡಗಡೆಯ ಸ್ಪೀಕರಿನತ್ತ ತಿರುಗಿದಳು.

"ಬೇಡ," ಎಂದಳು. "ಹೀಗೇ ಇರಲಿ. ಕೊನೇದು ಅಕ್ಕ ನುಡಿಸಿದ್ದು ಅಂತ ಡಿಸ್ಕಿನ ಮೇಲೂ ಹಾಕಿ."

ಹೊರಗಿನ ಮೆಟ್ಟಿಲ ಮೇಲೆ ಕುಳಿತು ಅಕ್ಕನಿಗೆ ಫೋನ್ ಮಾಡಿದಳು. ಅತ್ತ ಕಡೆ ನೀರಿನ ಸದ್ದು, ಮಕ್ಕಳ ಗಲಾಟೆ. ಅವಳು ಒಂದೇ ಸಮ ಎಲ್ಲವನ್ನೂ ಹೇಳಿದಳು. ಅಕ್ಕ ನಡುವೆ ಒಮ್ಮೆ, ಯಾರನ್ನೋ ಕಾಲು ಬಡಿ, ಕಾಲು ಬಡಿ ಎಂದು ಗದರಿ, ಮತ್ತೆ ಫೋನಿಗೆ ಕಿವಿಗೊಟ್ಟಳು. ಕೊಳಲು ಬಿಟ್ಟದ್ದು ಇದಕ್ಕೇನಾ ಎಂದು ತಂಗಿ ಕೇಳಿದಾಗ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಸ್ಟೇಜು ಅಂದರೆ ತನಗೆ ಮೊದಲಿನಿಂದಲೂ ಕೈ ಬೆವರುತ್ತಿತ್ತು, ನೀರಿನಲ್ಲಿ ಎಷ್ಟು ಬೆವರಿದರೂ ಯಾರಿಗೂ ಕಾಣುವುದಿಲ್ಲ, ಇಷ್ಟೇ ಎಂದಳು.

ತಂಗಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಆದ್ರೆ ಅಕ್ಕ, ಇಷ್ಟು ವರ್ಷ ಒಂದ್ ಸಲಾನಾದ್ರೂ ಹೇಳಬಾರದಿತ್ತಾ?"

"ಹೇಳೋಕೆ ಅದರಲ್ಲಿ ಏನಿತ್ತೇ, ಪುಟ್ಟಿ?" ಎಂದಳು ಅಕ್ಕ. "ನಿನಗೆ ಉಸಿರು ಸಾಲಲಿಲ್ಲ. ನನ್ನ ಹತ್ರ ಒಂಚೂರು ಉಳಿದಿತ್ತು."