ಬೋಲ್ಟಿನ ಮೇಲಿನ ಕೆಂಪು ಗೆರೆ

ಗದಗಿನ ಸುಮಂಗಲಾ ಟೀಚರ್‌ಗೆ ನಲವತ್ತೇಳು ವರ್ಷ. ವಾರವಿಡೀ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ... ಭಾನುವಾರ ಬಂತೆಂದರೆ ಮೌಂಟೇನ್ ಬೈಕ್ ಎಂಬ ಗೇರ್ ಸೈಕಲ್ ಹತ್ತಿ ಗುಡ್ಡದ ದಾರಿ!

"ಈ ವಯಸ್ಸಿನಾಗ ಇದೇನ್ರೀ ಹುಚ್ಚು?" ಎಂದವರಿಗೆಲ್ಲ ಅವರದು ಒಂದೇ ಉತ್ತರ. "ಒಮ್ಮೆ ಹತ್ತಿ ನೋಡ್ರಿ, ಆಮ್ಯಾಲೆ ಕೇಳ್ರಿ."

ಎರಡು ವರ್ಷದ ಹಿಂದೆ ಆ ಹುಚ್ಚಿಗೂ ಬ್ರೇಕ್ ಬಿತ್ತು...

ಗುಡ್ಡ ಇಳಿಯುವಾಗ ತಿರುವಿನಲ್ಲಿ ಹ್ಯಾಂಡಲ್ ತಿರುಗಿತು, ಚಕ್ರ ತಿರುಗಲೇ ಇಲ್ಲ! ಟೀಚರ್ ಭುಜದ ಮೂಳೆ ಮುರಿಯಿತು. ಬೈಕ್ ಬಂಡೆಗೆ ಬಡಿದು, ಫ್ರೇಮ್ ಒಂದು ಬಿಟ್ಟು ಎಲ್ಲ ನಜ್ಜುಗುಜ್ಜಾಯಿತು.

ನೋಡಿದರೆ ಹ್ಯಾಂಡಲ್ ಹಿಡಿದಿಡುವ ಬೋಲ್ಟು ಸಡಿಲವಾಗಿತ್ತು. ಹಿಂದಿನ ದಿನವಷ್ಟೇ ಅದನ್ನು ಸರ್ವಿಸ್ ಮಾಡಿ ಕೊಟ್ಟವರು ಸೈಕಲ್ ಅಂಗಡಿಯ ದಾವಲ್‌ಸಾಬ್. ಇನ್ನೇನು ಬೇಕು? ಊರೆಲ್ಲ ಸೇರಿ ಆ ವಯಸ್ಸಾದ ಮೆಕ್ಯಾನಿಕ್ ಮೇಲೆ ಗೂಬೆ ಕೂರಿಸಿತು.

ಪಾಪ, ಅವರೇ ಆಸ್ಪತ್ರೆಗೆ ಬಂದು ಮಂಚದ ಪಕ್ಕ ನಿಂತು ಕಣ್ಣೀರು ಹಾಕಿದರು. "ಬಿಗಿ ಮಾಡೀನಿ ಅಂತನ ಅನಸ್ತೈತ್ರಿ... ಆದ್ರ ಬೋಲ್ಟು ಸುಳ್ಳು ಹೇಳ್ತೈತೇನು? ನಾನಽ ಮರ್ತಿರಬೇಕು. ತಪ್ಪಾತ್ರಿ ಟೀಚರ್ರ."

"ಇರ್ಲಿ ಬಿಡ್ರಿ ಚಾಚಾ, ನನಗೇನೂ ಸಿಟ್ಟಿಲ್ಲ. ನಾ ಕ್ಷಮಿಸೀನಿ" ಎಂದರು ಟೀಚರ್.

ನೋಡಲು ಬಂದವರೆಲ್ಲ "ಎಷ್ಟು ದೊಡ್ಡ ಮನಸ್ಸವ್ವಾ ನಿಂದು!" ಎಂದು ಹೊಗಳಿದರು. ಸುಳ್ಳು ಯಾಕೆ ಹೇಳಬೇಕು... ಆ ಮಾತು ಟೀಚರ್‌ಗೆ ಹಿತವಾಗಿಯೇ ಇತ್ತು.

ಅಂದಿನಿಂದ ದಾವಲ್‌ಸಾಬ್ ಪಂಕ್ಚರ್ ಬಿಟ್ಟು ಬೇರೆ ಕೆಲಸ ಮುಟ್ಟಲಿಲ್ಲ. ಹೊಸ ಸೈಕಲ್ ಜೋಡಿಸಿ ಕೊಡಿ ಎಂದು ಬಂದವರನ್ನು ಕೈಮುಗಿದು ವಾಪಸ್ ಕಳಿಸುತ್ತಿದ್ದರು.

ಈ ಎರಡು ವರ್ಷದಲ್ಲಿ ಅವರು ಜೋಡಿಸಿದ್ದು ಒಂದೇ ಒಂದು... ಟೀಚರ್ ಬೈಕ್. ಹಳೆಯ ಫ್ರೇಮಿಗೆ ಹೊಸ ಚಕ್ರ, ಹೊಸ ಚೈನು, ಹೊಸ ಬ್ರೇಕು... ಒಂದೊಂದಾಗಿ ಕೂಡಿಸುತ್ತ ಕೂತರು. ಭುಜ ಪೂರ್ತಿ ವಾಸಿಯಾಗಿದೆ ಎಂದು ಡಾಕ್ಟರ್ ಹೇಳಿದ ವಾರವೇ ಫೋನ್ ಮಾಡಿದರು. "ಬರ್ರಿ ಟೀಚರ್ರ, ನಿಮ್ಮ ಕುದರಿ ತಯಾರ್ ಐತಿ."

ಹೋಗಿ ನೋಡಿದರೆ ಫಳಫಳ ಹೊಳೆಯುವ ಬೈಕು! ಪ್ರತಿ ಬೋಲ್ಟಿನ ಮೇಲೂ ಒಂದೊಂದು ಕೆಂಪು ಗೆರೆ.

"ನೇಲ್ ಪಾಲಿಶ್ ರೀ" ಎಂದು ಚಾಚಾ ನಾಚಿಕೊಂಡರು. "ಬಳಿ ಅಂಗಡ್ಯಾಗ ಕೇಳಿದ್ರ, ಈ ವಯಸ್ಸಿನಾಗ ಯಾರಿಗೆ ಚಾಚಾ ಅಂತ ನಕ್ಕರು! ಬೋಲ್ಟಿನಿಂದ ಫ್ರೇಮ್ ತನಕ ಎಳದೀನಿ. ಗೆರಿ ಸೀದಾ ಕೂಡಿದ್ರ ಬೋಲ್ಟು ಬಿಗಿ ಐತಿ. ಮುರದಿದ್ರ ಅದು ತಿರುಗೇತಿ ಅಂತ. ಹತ್ತೂಕಿಂತ ಮೊದ್ಲ ದಿನಾ ನೋಡ್ರಿ... ನನ್ನ ಮ್ಯಾಲೆ ನಂಬಿಗಿ ಇಡಬ್ಯಾಡ್ರಿ."

ಮರುದಿನ ಭಾನುವಾರ. ಟೀಚರ್ ಗಂಡ ಈರಣ್ಣ ಓಮ್ನಿ ತಂದರು. ಬೈಕ್ ಹಾಗೇ ಒಳಗೆ ಹಿಡಿಸುವುದಿಲ್ಲ. ಎಂದಿನಂತೆ ಹ್ಯಾಂಡಲ್ ಬೋಲ್ಟು ಸಡಿಲಿಸಿ, ಹ್ಯಾಂಡಲ್ ಅಡ್ಡ ತಿರುಗಿಸಿ ತುರುಕಿದರು.

ಗುಡ್ಡದ ಬುಡದಲ್ಲಿ ಅವರು ಯಾವಾಗಲೂ ನಿಲ್ಲುವ ಚಹಾದಂಗಡಿ. ಈರಣ್ಣ ಬೈಕ್ ಇಳಿಸಿ, ಹ್ಯಾಂಡಲ್ ನೆಟ್ಟಗೆ ಮಾಡಿ, ಬೋಲ್ಟಿಗೆ ಒಂದೆರಡು ಸುತ್ತು ಕೊಟ್ಟರು. "ಆತು ಬಾ. ಮಿರ್ಚಿ ಭಜಿ ಆರ್ತಾವ."

ಟೀಚರ್ ಸುಮ್ಮನೆ ಬಗ್ಗಿ ನೋಡಿದರು. ಕೆಂಪು ಗೆರೆ ಕೂಡಿರಲಿಲ್ಲ.

ಎರಡು ವರ್ಷದ ಹಿಂದಿನದು ಥಟ್ಟನೆ ನೆನಪಾಯಿತು...

ಅವತ್ತೂ ಇದೇ ಅಂಗಡಿ. ಅವತ್ತೂ ಬಿಸಿ ಬಿಸಿ ಮಿರ್ಚಿ. ಗಂಡ ಬೋಲ್ಟು ತಿರುವುತ್ತಿದ್ದಾಗ ತಾವೇ ಅಂದಿದ್ದರು. "ಅಷ್ಟು ಸಾಕು ಬಿಡ್ರಿ, ಮೊದ್ಲ ತಿನ್ನೂಣು ಬರ್ರಿ. ಉಳಿದಿದ್ದು ನಾ ಬಿಗಿ ಮಾಡ್ಕೋತೀನಿ."

ತಿಂದರು, ಚಹಾ ಕುಡಿದರು, ಬೈಕ್ ಹತ್ತಿ ಹೊರಟೇಬಿಟ್ಟರು. ಬಿಗಿ ಮಾಡಲೇ ಇಲ್ಲ!

ಬಿದ್ದ ಗಾಬರಿಯಲ್ಲಿ ಅದು ಗಂಡನಿಗೂ ನೆನಪಾಗಲಿಲ್ಲ, ಹೆಂಡತಿಗೂ ನೆನಪಾಗಲಿಲ್ಲ. ತಪ್ಪು ಹೊರಲು ಇನ್ನೊಬ್ಬರು ಸಿಕ್ಕಿದ್ದರಲ್ಲ...

ಟೀಚರ್ ಮಿರ್ಚಿ ಮುಟ್ಟಲಿಲ್ಲ. ಗೆರೆ ಕೂಡುವ ತನಕ ಬೋಲ್ಟು ಬಿಗಿ ಮಾಡಿ ಬೈಕ್ ಹತ್ತಿದರು.

ಅಬ್ಬಾ, ಎಂಥ ಬೈಕದು! ಏರಿನಲ್ಲಿ ಒಂದು ಸದ್ದಿಲ್ಲ, ಗೇರ್ ಬೆಣ್ಣೆಯಂತೆ ಬೀಳುತ್ತಿತ್ತು. ಮುಖಕ್ಕೆ ಗಾಳಿ, ತೊಡೆಯಲ್ಲಿ ಮರೆತೇ ಹೋಗಿದ್ದ ಆ ಸಿಹಿ ನೋವು...

ಇಳಿಯುವಾಗ ಅದೇ ತಿರುವು ಬಂತು. ಉಸಿರು ಬಿಗಿಹಿಡಿದು ಹ್ಯಾಂಡಲ್ ತಿರುಗಿಸಿದರು. ಚಕ್ರ ಹೇಳಿದಂತೆ ಕೇಳಿತು. ಟೀಚರ್ ಜೋರಾಗಿ ನಕ್ಕರು, ನಗುತ್ತಲೇ ಅತ್ತರು. ಇಷ್ಟು ಖುಷಿ ಕಟ್ಟಿಕೊಟ್ಟ ಕೈಗೆ ನಾನೇನು ಕೊಟ್ಟೆ?

ಚಹಾದಂಗಡಿ ಬಂದರೂ ನಿಲ್ಲಲಿಲ್ಲ. ಈರಣ್ಣ ಓಮ್ನಿಯಲ್ಲಿ ಹಾರ್ನ್ ಹೊಡೆಯುತ್ತ ಹಿಂದೆ ಬಂದರೂ ನಿಲ್ಲಲಿಲ್ಲ. ಸೀದಾ ಗದಗಿಗೆ ತುಳಿದು ದಾವಲ್‌ಸಾಬರ ಅಂಗಡಿ ಮುಂದೆಯೇ ಇಳಿದರು.

ಅಂಗಡಿ ತುಂಬ ಜನ. ಇರಲಿ, ಜನರ ಮುಂದೆಯೇ ಹೇಳಬೇಕಾದ ಮಾತದು. ಏದುಸಿರು ಬಿಡುತ್ತ ಎಲ್ಲ ಹೇಳಿಬಿಟ್ಟರು.

ದಾವಲ್‌ಸಾಬರ ಕೈಯಲ್ಲಿ ಚಕ್ರ ಬಿಚ್ಚುತ್ತಿದ್ದ ಪಾನಾ ಅಲ್ಲೇ ನಿಂತಿತು. "ಹಂಗಾರ... ನಾ ಮರ್ತಿದ್ದಿಲ್ಲೇನ್ರಿ?"

"ಇಲ್ಲ ಚಾಚಾ. ನೀವು ಬಿಗಿನ ಮಾಡಿದ್ರಿ."

ಅವರು ತಮ್ಮ ಎರಡೂ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಕಣ್ಣು ತುಂಬಿ ಬಂತು. "ಎರಡು ವರ್ಷ ಆತ್ರಿ... ಈ ಕೈ ನೋಡಿದ್ರ ನನಗಽ ಅಂಜಿಕಿ ಬರ್ತಿತ್ತು."

"ಅವತ್ತು ನಿಮ್ಮನ್ನ ಕ್ಷಮಿಸೀನಿ ಅಂತ ದೊಡ್ಡಸ್ತಿಕಿ ಮಾಡಿದ್ದೆ ಚಾಚಾ. ಇವತ್ತು ನೀವು ನನ್ನ ಕ್ಷಮಿಸ್ತೀರೇನು?"

ದಾವಲ್‌ಸಾಬ್ ತೋಳಿನಿಂದ ಕಣ್ಣೊರೆಸಿಕೊಂಡು ಸ್ಟೂಲು ಮುಂದೆ ಎಳೆದರು.

"ಅದೆಲ್ಲ ಇರ್ಲಿ, ಕೂಡ್ರಿ. ಬೈಕ್ ಹೆಂಗ ಓಡ್ತು, ಅದನ್ನ ಹೇಳ್ರಿ ಮೊದ್ಲ!"

*

ಕ್ಷಮಿಸಿದೆ ಎಂದು ಹಿಗ್ಗುವ ಮುನ್ನ, ತಪ್ಪು ಯಾರದೆಂದು ಒಮ್ಮೆ ಬಗ್ಗಿ ನೋಡಬೇಕು.

"ಹೋಗಲಿ ಬಿಡು" ಎಂದು ನೀವು ದೊಡ್ಡ ಮನಸ್ಸು ಮಾಡಿದ ಆ ಒಬ್ಬರು... ನಿಜವಾಗಿಯೂ ತಪ್ಪು ಮಾಡಿದ್ದರೇ?